ಅಕ್ಕೋರ ಚಹಾ ಆರುವ ಮುನ್ನ: ನರ್ಸರಿ, ಅಂಗನವಾಡಿ ಸಿಬ್ಬಂದಿಯ ನೆಮ್ಮದಿಗೆ ಒಂದು ಮಾರ್ಗದರ್ಶಿ

ಇಪ್ಪತ್ತು ಪುಟ್ಟ ಮಕ್ಕಳ ಕೋಣೆಗೆ ಬೆಳಿಗ್ಗೆ ಒಂಬತ್ತೂವರೆಗೆ ಹೊಕ್ಕ ಅಕ್ಕೋರು (ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದು ಹೀಗೆ) ಎಷ್ಟೋ ಕಡೆ ಒಂದು ಗಂಟೆಗೆ ಹೊರಬರುವ ತನಕ ಶೌಚಾಲಯಕ್ಕೂ ಹೋಗಿರುವುದಿಲ್ಲ. ಮೇಜಿನ ಮೇಲಿನ ಚಹಾ ಆರಿ ಕೆನೆ ಕಟ್ಟಿರುತ್ತದೆ. ಅಂಥ ಶಾಲೆಯಲ್ಲೂ ಶಿಕ್ಷಕರ ದಿನಾಚರಣೆಗೆ ಶಾಲು, ಹಾರ, ಫೋಟೋ ತಪ್ಪುವುದಿಲ್ಲ. ಸಿಬ್ಬಂದಿಯ ಕ್ಷೇಮ ಎಂದರೆ ಶಾಲು ಹೊದಿಸುವುದು ಎಂದುಕೊಂಡವರಿಗೆ ಈ ಲೇಖನ ನಿರಾಸೆ ಮಾಡಬಹುದು. ಇಲ್ಲಿ ಮಾತಾಡುವುದು ಹೆಚ್ಚಾಗಿ ವೇಳಾಪಟ್ಟಿ, ನೀರಿನ ಟಾಕಿ, ರಜೆಯ ಕ್ಯಾಲೆಂಡರ್ ಮತ್ತು ಏಕವಚನದ ಬಗ್ಗೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ನರ್ಸರಿ ನಡೆಸುವವರು, ಮುಖ್ಯ ಶಿಕ್ಷಕಿಯರು, ಅಂಗನವಾಡಿ ಮೇಲ್ವಿಚಾರಕಿಯರು ಇದನ್ನು ತಮ್ಮ ಜಾಗಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಮಾದರಿ ಶಾಲೆ ಇಟ್ಟುಕೊಳ್ಳೋಣ: 60 ಮಕ್ಕಳು, ನರ್ಸರಿ, ಎಲ್‌ಕೆಜಿ, ಯುಕೆಜಿ ಎಂದು ಮೂರು ಕೋಣೆ, ಮೂವರು ಅಕ್ಕೋರು, ಇಬ್ಬರು ಆಯಾ, ಒಬ್ಬ ಮುಖ್ಯ ಶಿಕ್ಷಕಿ.

ಮೊದಲ ವಾರ: ಬರೀರಿ, ತಿದ್ದಬೇಡಿ

ಏನನ್ನೂ ಬದಲಿಸುವ ಮೊದಲು ಆರು ದಿನ ಲೆಕ್ಕ ಬರೆದಿಡಿ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಸಾಲು, ಐದು ಕಾಲಂ:

1. ಬಂದ ಹೊತ್ತು, ಹೋದ ಹೊತ್ತು.
2. ನೀರು, ಚಹಾ, ಶೌಚಕ್ಕೆಂದು ಮಕ್ಕಳನ್ನು ಬಿಟ್ಟು ಹೊರಗಿದ್ದ ನಿಮಿಷ.
3. ಮನೆಗೆ ಒಯ್ದ ಕೆಲಸ (ಚಾರ್ಟ್, ಡೈರಿ, ಕತ್ತರಿಸುವುದು, ಅಂಟಿಸುವುದು) ಎಷ್ಟು ಹೊತ್ತು ಹಿಡಿಯಿತು.
4. ಶಾಲೆ ಬಿಟ್ಟ ಮೇಲೆ ಬಂದ ಫೋನು, ಉತ್ತರಿಸಬೇಕಾದ ವಾಟ್ಸ್‌ಆ್ಯಪ್ ಸಂದೇಶ.
5. ಕೈಯಿಂದ ಹಾಕಿದ ರೊಕ್ಕ.

ಐದನೇ ಕಾಲಂ ನೋಡಿ ಸಂಸ್ಥೆಯವರಿಗೆ ಅಚ್ಚರಿಯಾಗುವುದೇ ಹೆಚ್ಚು. ಥರ್ಮಾಕೋಲ್, ಬಣ್ಣದ ಹಾಳೆ, ಸೆಲ್ಲೋಟೇಪು, ಮಗುವಿನ ಹುಟ್ಟುಹಬ್ಬಕ್ಕೆ ಚಾಕೊಲೇಟು ಎಲ್ಲ ಸೇರಿ ತಿಂಗಳಿಗೆ ಎಷ್ಟಾಗುತ್ತದೆ ಎಂದು ಯಾರೂ ಕೂಡಿಸಿ ನೋಡಿರುವುದಿಲ್ಲ.

ಈ ಹೆಜ್ಜೆ ಕೆಡುವುದು ಭಯದಿಂದ. ಮಾಲೀಕರು ನೋಡುತ್ತಾರೆಂದು ಎರಡನೇ ಕಾಲಮಿನಲ್ಲಿ ಎಲ್ಲರೂ "15 ನಿಮಿಷ" ಎಂದು ಚಂದ ಮಾಡಿ ಬರೆದುಬಿಡುತ್ತಾರೆ. ಇದಕ್ಕೆ ಒಂದೇ ಉಪಾಯ, ಮುಖ್ಯ ಶಿಕ್ಷಕಿ ತಮ್ಮ ಸಾಲನ್ನು ಮೊದಲು ತುಂಬುವುದು. ಅಲ್ಲಿ "0 ನಿಮಿಷ, 11 ಫೋನು" ಎಂದು ಕಂಡರೆ ಉಳಿದವರೂ ನಿಜ ಬರೆಯುತ್ತಾರೆ.

ಹತ್ತು ನಿಮಿಷದ ಬದಲಿ

ಇಡೀ ಲೇಖನದಲ್ಲಿ ಒಂದನ್ನೇ ಮಾಡಲು ಸಾಧ್ಯವಾದರೆ ಇದನ್ನು ಮಾಡಿ. ಪ್ರತಿಯೊಬ್ಬರಿಗೂ ದಿನಕ್ಕೆ ಒಮ್ಮೆ, ಗಡಿಯಾರದ ಹೊತ್ತಿಗೆ, ಕೇಳದೆಯೇ ಸಿಗುವ ಹತ್ತು ನಿಮಿಷ. "ಬೇಕಾದಾಗ ಹೇಳ್ರಿ, ಬಿಡ್ತೀವಿ" ಎನ್ನುವುದು ಬಿಡುವಲ್ಲ. ಕೇಳಿ ಪಡೆಯಬೇಕಾದದ್ದನ್ನು ಮೂರು ದಿನದ ನಂತರ ಯಾರೂ ಕೇಳುವುದಿಲ್ಲ.

ನಮ್ಮ ಮಾದರಿ ಶಾಲೆಯಲ್ಲಿ ಅದು ಹೀಗಿರಬಹುದು. 10.30ಕ್ಕೆ ಮುಖ್ಯ ಶಿಕ್ಷಕಿ ನರ್ಸರಿ ಕೋಣೆಗೆ ಬರುತ್ತಾರೆ, ಅಕ್ಕೋರು ಹೊರಗೆ. 10.40ಕ್ಕೆ ಎಲ್‌ಕೆಜಿ, 10.50ಕ್ಕೆ ಯುಕೆಜಿ. 11 ಗಂಟೆಗೆ ಮಕ್ಕಳೆಲ್ಲ ಪಡಸಾಲೆಯಲ್ಲಿ ಡಬ್ಬಿ ಬಿಚ್ಚಿ ಕುಳಿತಾಗ ಮೂವರೂ ಅಕ್ಕೋರು ಅಲ್ಲೇ ಇರುತ್ತಾರೆ. ಆಗ ಒಬ್ಬ ಆಯಾಗೆ ಹತ್ತು ನಿಮಿಷ, ಅವರು ಬಂದ ಮೇಲೆ ಇನ್ನೊಬ್ಬರಿಗೆ. ಒಟ್ಟಿನಲ್ಲಿ ಮುಖ್ಯ ಶಿಕ್ಷಕಿಯ ದಿನದಿಂದ ಹೋಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅವರು ಮೂರೂ ತರಗತಿಯನ್ನು ಕಣ್ಣಾರೆ ಕಂಡಂತಾಗುತ್ತದೆ. ತಪಾಸಣೆ ಎಂದು ಬೇರೆ ಹೊತ್ತು ತೆಗೆಯಬೇಕಿಲ್ಲ. ಆದರೆ ಬದಲಿಗೆ ಬಂದವರು ಕೋಣೆಯಲ್ಲಿ ನಿಂತು ಬೋರ್ಡು ನೋಡಿ ಟೀಕೆ ಬರೆದುಕೊಂಡರೆ ಎಲ್ಲ ಕೆಟ್ಟಿತು. ಮರುದಿನದಿಂದ ಯಾರೂ ಕೋಣೆ ಬಿಡುವುದಿಲ್ಲ.

ಹೇಳುವ ಮಾತು ಇಷ್ಟೇ: "ಹೋಗಿ ಬರ್ರಿ ಅಕ್ಕೋರ, ನಾ ಕುಂದರ್ತೀನಿ."

ಕೆಡುವ ಜಾಗಗಳು ಮೂರು. ಮೊದಲನೆಯದು, 10.30ಕ್ಕೆ ಸರಿಯಾಗಿ ಪಾಲಕರೊಬ್ಬರು ಬರುತ್ತಾರೆ, ಮುಖ್ಯ ಶಿಕ್ಷಕಿ ಕಚೇರಿಯಲ್ಲೇ ಉಳಿಯುತ್ತಾರೆ. ಅದಕ್ಕೆ ಬಾಗಿಲಿಗೆ "ಪಾಲಕರ ಭೇಟಿ 11.30ರ ನಂತರ" ಎಂದು ಬರೆದು ಹಾಕಿ. ಎರಡನೆಯದು, ಒಂದು ದಿನ ತಪ್ಪಿದ್ದು ವಾರವಿಡೀ ತಪ್ಪುತ್ತದೆ. ತಪ್ಪಿದರೆ ಅರ್ಧ ಗಂಟೆ ಮುಂದೂಡಿ, ರದ್ದು ಮಾಡಬೇಡಿ. ಮೂರನೆಯದು, ಬಿಡುವಿಗೆ ಹೋದವರ ಕೈಗೆ "ಹೆಂಗೂ ಖಾಲಿ ಅದೀರಿ, ಈ ಝೆರಾಕ್ಸ್ ಮಾಡಿಸಿಬಿಡ್ರಿ" ಎಂದು ಕಾಗದ ಕೊಡುವುದು. ಮೂರರಲ್ಲಿ ಇದೇ ಹೆಚ್ಚು.

ಮಕ್ಕಳ ಸಂಖ್ಯೆಯೇ ಮಿತಿ ಮೀರಿದ್ದರೆ ಯಾವ ವೇಳಾಪಟ್ಟಿಯೂ ನಿಲ್ಲುವುದಿಲ್ಲ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು, ಮೂರು ವರ್ಷಕ್ಕಿಂತ ಕಿರಿಯ 10 ಮಕ್ಕಳಿಗೆ ಒಬ್ಬರು ಇರಬೇಕು ಎನ್ನುತ್ತದೆ. ಮೂವತ್ತೈದು ಮಕ್ಕಳ ಕೋಣೆಗೆ ಒಬ್ಬರನ್ನೇ ಹಾಕಿ, ಆಮೇಲೆ ಅವರಿಗೆ ಧ್ಯಾನ ಹೇಳಿಕೊಡಲು ಯಾರನ್ನೋ ಕರೆಸುವುದು ರೊಕ್ಕ ದಂಡ. ಆ ರೊಕ್ಕಕ್ಕೆ ಇನ್ನೊಬ್ಬ ಆಯಾ ಬರಲಿ.

ಒಬ್ಬರು ಬರದ ದಿನಕ್ಕೆ ಪೆಟ್ಟಿಗೆ

ಜ್ವರ ಬಂದರೂ ಅಕ್ಕೋರು ಶಾಲೆಗೆ ಬರುವುದು ನಿಷ್ಠೆಯಿಂದಲ್ಲ, ತಾವು ತಪ್ಪಿದರೆ ಪಕ್ಕದ ಕೋಣೆಯವರಿಗೆ ಭಾರ ಎಂಬ ಸಂಕೋಚದಿಂದ. ಅದನ್ನು ತೆಗೆಯಲು ಎರಡು ತಯಾರಿ ಬೇಕು.

ಒಂದು, ದಿನಗೂಲಿಗೆ ಬರಬಲ್ಲ ಇಬ್ಬರ ಹೆಸರು. ಡಿ.ಎಡ್ ಅಥವಾ ನರ್ಸರಿ ತರಬೇತಿ ಮುಗಿಸಿ ಮನೆಯಲ್ಲಿರುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಅಗತ್ಯ ಬಿದ್ದ ದಿನ ಹುಡುಕಬೇಡಿ. ಜೂನ್‌ನಲ್ಲೇ ಗುರುತಿನ ದಾಖಲೆ ತೆಗೆದುಕೊಂಡು, ಪೊಲೀಸ್ ಪರಿಶೀಲನೆ ಮಾಡಿಸಿ, ಎರಡು ದಿನ ಸಂಬಳ ಕೊಟ್ಟು ಮಕ್ಕಳ ಜೊತೆ ಕೂರಿಸಿ. ಮುಖ ಪರಿಚಯವಿಲ್ಲದವರು ಬಂದರೆ ನರ್ಸರಿ ಮಕ್ಕಳು ಅಳುತ್ತಾರೆ, ಬದಲಿಗೆ ಬಂದವರೂ ಎರಡನೇ ಸಲ ಬರುವುದಿಲ್ಲ.

ಎರಡು, ಯಾರು ಬೇಕಾದರೂ ತೆರೆದು ನಡೆಸಬಹುದಾದ ಪೆಟ್ಟಿಗೆ. ಅದರಲ್ಲಿ ಎರಡು ಕಿಲೋ ಹದಮಾಡಿದ ಜೇಡಿಮಣ್ಣು ಒದ್ದೆ ಬಟ್ಟೆಯಲ್ಲಿ ಸುತ್ತಿ (ಮಣ್ಣೆತ್ತಿನ ಅಮಾವಾಸ್ಯೆಗೆ ತಂದು ಉಳಿದದ್ದೇ ಆದೀತು), ಮೂರು ಚಿತ್ರಕಥೆ ಪುಸ್ತಕ, ಮಕ್ಕಳಿಗೆ ಆಗಲೇ ಬರುವ ಹತ್ತು ಹಾಡಿನ ಪಟ್ಟಿ, ಹಳೆ ಸೀರೆಯ ತುಂಡು, ಮಕ್ಕಳ ಹೆಸರು ಮತ್ತು ಅಲರ್ಜಿ, ಫಿಟ್ಸ್ ಇದ್ದವರ ವಿವರ, ಮನೆಗೆ ಯಾರ ಜೊತೆ ಕಳಿಸಬೇಕು ಎಂಬ ಹಾಳೆ. ಹುಣಸೆಬೀಜ, ಬಟಾಣಿ, ಸಣ್ಣ ಮಣಿ ಬೇಡ. ಹೊಸಬರ ಕಣ್ಣು ತಪ್ಪಿಸಿ ಮೂಗಿಗೆ ಹಾಕಿಕೊಳ್ಳಲು ಒಂದು ಮಗು ಸಾಕು. ಬದಲಿ ದಿನ ಪಾಠ ಮುಂದೆ ಹೋಗಬೇಕಿಲ್ಲ. ಮರುದಿನ ಬಂದ ಅಕ್ಕೋರಿಗೆ "ನಿನ್ನಿ ಪೋರ್ಶನ್ ಉಳಿದೈತಿ" ಎಂದು ನೆನಪಿಸುವುದೂ ಬೇಡ.

ದನಿ, ಸೊಂಟ, ನೀರು

ಗಂಟಲು ಈ ಕೆಲಸದ ಉಪಕರಣ. ದಿನವಿಡೀ ಕೂಗಿದರೆ ದನಿಯ ತಂತು ಊದಿಕೊಳ್ಳುತ್ತದೆ, ಮೇಲಿಂದ ಮೇಲೆ ಆದರೆ ಗಂಟು ಕಟ್ಟುತ್ತದೆ. ಮಕ್ಕಳನ್ನು ಕರೆಯಲು ಕೂಗುವ ಬದಲು ಒಂದು ಸಣ್ಣ ಗಂಟೆಯನ್ನೋ ಚಪ್ಪಾಳೆಯ ಒಂದು ತಾಳವನ್ನೋ ಗೊತ್ತುಮಾಡಿ. ಮೂರೂ ಕೋಣೆಗೆ ಒಂದೇ ಸಂಕೇತ ಇರಲಿ. ಎರಡು ವಾರ ಕಲಿಸಿದರೆ ಮಕ್ಕಳಿಗೆ ರೂಢಿಯಾಗುತ್ತದೆ. ಬೋರ್ಡನ್ನು ಒಣ ಡಸ್ಟರ್ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಕ್ಕೋರ ಕೈಗೆಟಕುವಲ್ಲಿ ಒಂದು ಲೀಟರ್ ನೀರು ಇರಲಿ, ಮಧ್ಯಾಹ್ನದೊಳಗೆ ಖಾಲಿಯಾಗಲಿ. ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಬಿಸಿನೀರು-ಉಪ್ಪು ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರ ಬಳಿ ಕಳಿಸಿ.

ನೀರು ಕುಡಿಯಲು ಹೇಳುವುದು ಸುಲಭ, ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಯಾರೂ ಕುಡಿಯುವುದಿಲ್ಲ. ಮೂತ್ರನಾಳದ ಸೋಂಕು ಶಿಕ್ಷಕಿಯರಲ್ಲಿ ಮರುಕಳಿಸಲು ಕುಡಿಯದೆ, ಹೋಗದೆ ತಡೆದುಕೊಳ್ಳುವುದೂ ಕಾರಣ. ಹುಬ್ಬಳ್ಳಿ-ಧಾರವಾಡದ ಎಲ್ಲ ವಾರ್ಡಿಗೂ ದಿನಾ ನಳದ ನೀರು ಬರುವುದಿಲ್ಲ, ಗದಗ-ಬೆಟಗೇರಿಯ ಬೇಸಿಗೆ ಹೇಳುವುದೇ ಬೇಡ. ಲೆಕ್ಕ ಹಾಕಿ: 60 ಮಕ್ಕಳು, 6 ಸಿಬ್ಬಂದಿ, ತಲೆಗೆ ದಿನಕ್ಕೆ ಹತ್ತೇ ಲೀಟರ್ ಹಿಡಿದರೂ 660 ಲೀಟರ್. ಆರು ದಿನಕ್ಕೊಮ್ಮೆ ನೀರು ಬಂದರೆ ಸುಮಾರು 4,000 ಲೀಟರ್ ಸಂಗ್ರಹ ಬೇಕು. ಸಾವಿರ ಲೀಟರಿನ ಒಂದು ಟಾಕಿ ಇಟ್ಟುಕೊಂಡ ಶಾಲೆಯಲ್ಲಿ ಎರಡನೇ ದಿನಕ್ಕೇ ಶೌಚಾಲಯಕ್ಕೆ ಬೀಗ ಬೀಳುತ್ತದೆ. ಸಿಬ್ಬಂದಿಗೆ ಒಳಗಿನಿಂದ ಚಿಲಕವಿರುವ ಪ್ರತ್ಯೇಕ ಶೌಚಾಲಯ, ಮುಚ್ಚಳವಿರುವ ಕಸದ ಡಬ್ಬಿ, ಕಪಾಟಿನಲ್ಲಿ ಸ್ಯಾನಿಟರಿ ಪ್ಯಾಡಿನ ಒಂದು ಕಟ್ಟು ಇರಲಿ. ಕಪಾಟಿನ ಕೀಲಿ ಪುರುಷ ಲೆಕ್ಕಿಗರ ಬಳಿ ಇರಬಾರದು ಎಂದು ಬರೆಯಬೇಕಾಗಿರುವುದೇ ಬೇಸರ.

ಸೊಂಟದ ವಿಷಯ ಚಿಕ್ಕದು: ಹದಿನೈದು ಕಿಲೋ ತೂಗುವ ಮಗುವನ್ನು ಬೆನ್ನು ಬಾಗಿಸಿ ಎತ್ತಬಾರದು. ಮೊಣಕಾಲು ಮಡಿಸಿ, ಮಗುವನ್ನು ಎದೆಗಾನಿಸಿಕೊಂಡು ಏಳಬೇಕು. ಕೈತೊಳೆಯುವ ತೊಟ್ಟಿಯ ಮುಂದೆ ಗಟ್ಟಿ ಮೆಟ್ಟಿಲೊಂದನ್ನು ಇಟ್ಟರೆ ಆಯಾ ದಿನಕ್ಕೆ ಹತ್ತಾರು ಸಲ ಮಕ್ಕಳನ್ನು ಎತ್ತುವುದು ತಪ್ಪುತ್ತದೆ. ಪ್ರತಿ ಕೋಣೆಯಲ್ಲಿ ಅಕ್ಕೋರಿಗೆ ಒಂದಡಿ ಎತ್ತರದ ಸ್ಟೂಲು ಕೊಡಿ. ನೆಲಕ್ಕೆ ಕೂತು ಏಳುವುದು ಮೊಣಕಾಲಿಗೆ ಭಾರ, ದೊಡ್ಡ ಕುರ್ಚಿಯಲ್ಲಿ ಕೂತರೆ ಮಕ್ಕಳ ಕಣ್ಣಿಗೆ ಕಣ್ಣು ಸೇರುವುದಿಲ್ಲ.

ವರ್ಷದ ಮೂರು ಕಷ್ಟದ ಕಾಲ

*ಜೂನ್.* ಒಂದೇ ದಿನ ಇಪ್ಪತ್ತು ಹೊಸ ಮಕ್ಕಳನ್ನು ಒಳಗೆ ಬಿಟ್ಟುಕೊಂಡು, ಬಾಗಿಲು ಹಾಕಿ, ಅಳು ನಿಲ್ಲುವುದನ್ನು ಕಾಯುವುದು ಮಕ್ಕಳಿಗೂ ಅಕ್ಕೋರಿಗೂ ಶಿಕ್ಷೆ. ಐದೈದು ಮಕ್ಕಳ ತಂಡ ಮಾಡಿ. ಮೊದಲ ಮೂರು ದಿನ ಮೊದಲ ಐವರು ಒಂದೊಂದು ಗಂಟೆ, ಜೊತೆಗೆ ತಾಯಿಯೋ ಅಜ್ಜಿಯೋ. ನಾಲ್ಕನೇ ದಿನದಿಂದ ಅವರು ಎರಡು ಗಂಟೆ ಇರುತ್ತಾರೆ, ಹೊಸ ಐವರು ಸೇರುತ್ತಾರೆ. ಹನ್ನೆರಡು ಶಾಲಾ ದಿನದಲ್ಲಿ ಕೋಣೆ ತುಂಬುತ್ತದೆ, ಹಳೆಯ ಮಕ್ಕಳನ್ನು ನೋಡಿ ಹೊಸಬರು ಬೇಗ ಒಗ್ಗುತ್ತಾರೆ. "ಫೀ ಪೂರ್ತಿ ಕೊಟ್ಟೇವ್ರಿ, ಒಂದ್ ತಾಸಿಗೆ ಕಳಸ್ತೀರೇನು?" ಎಂಬ ಪಾಲಕರ ಮಾತಿಗೆ ಉತ್ತರಿಸುವುದು ಸಂಸ್ಥೆಯ ಕೆಲಸ. ಬಾಗಿಲಲ್ಲಿ ನಿಂತ ಅಕ್ಕೋರ ತಲೆಗೆ ಅದನ್ನು ಕಟ್ಟಬೇಡಿ, ಪ್ರವೇಶ ಕೊಡುವಾಗಲೇ ಬರೆದು ಕೊಡಿ. ಜೂನ್ ಮುಗಿಯುವ ತನಕ ಡೈರಿ ಬರೆಯುವುದು, ವರ್ಕ್‌ಬುಕ್, ಗೋಡೆ ಅಲಂಕಾರ ಯಾವುದೂ ಬೇಡ.

*ಪಂಚಮಿ.* ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ರೊಟ್ಟಿ ಹಬ್ಬದಿಂದ ಹಿಡಿದು ಜೋಕಾಲಿ ಕಟ್ಟಿ ಉಂಡಿ ತಿನ್ನುವ ತನಕ ಎರಡು ಮೂರು ದಿನ. ಸಿಬ್ಬಂದಿಯೆಲ್ಲ ಹೆಂಗಸರೇ ಇರುವ ಶಾಲೆಯಲ್ಲಿ ಒಂದೇ ವಾರ ಐದು ರಜೆ ಅರ್ಜಿ ಬರುವುದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಪ್ರತಿ ವರ್ಷವೂ ಶಾಲೆಗಳು ಅದಕ್ಕೆ ಆಶ್ಚರ್ಯಪಡುವುದು. ಜೂನ್ ಮೊದಲ ವಾರವೇ ಸಿಬ್ಬಂದಿ ಕೋಣೆಯಲ್ಲಿ ದೊಡ್ಡ ಗೋಡೆ ಕ್ಯಾಲೆಂಡರ್ ತೂಗುಹಾಕಿ, ಪಂಚಮಿ, ದೀಪಾವಳಿ, ತಮ್ಮ ಊರ ಜಾತ್ರೆ, ಮನೆಯ ಮದುವೆ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆಯಲು ಹೇಳಿ. ಒಂದು ದಿನಕ್ಕೆ ಇಬ್ಬರಿಗಿಂತ ಹೆಚ್ಚು ಹೆಸರು ಬಿದ್ದರೆ ಹೋದ ವರ್ಷ ಹೋದವರು ಈ ವರ್ಷ ಬಿಟ್ಟುಕೊಡುವುದು ನಿಯಮ. ಅರ್ಧಕ್ಕಿಂತ ಹೆಚ್ಚು ಮಂದಿ ಕೇಳಿದರೆ ಆ ದಿನ ಶಾಲೆಗೇ ರಜೆ ಕೊಟ್ಟು ಒಂದು ಶನಿವಾರ ಪೂರ್ತಿ ನಡೆಸುವುದು ಸೈ. ಈದ್, ಕ್ರಿಸ್ಮಸ್ ಆಚರಿಸುವವರ ದಿನಗಳೂ ಅದೇ ಕ್ಯಾಲೆಂಡರಿನಲ್ಲಿ ಅದೇ ಪೆನ್ಸಿಲಿನಲ್ಲಿ ಇರಲಿ. ಆಯಾಗಳ ಹೆಸರಿಗೆ ಬೇರೆ ಪಟ್ಟಿ ಮಾಡಬೇಡಿ.

*ಗ್ಯಾದರಿಂಗ್.* ಡಿಸೆಂಬರ್-ಜನವರಿಯ ಶಾಲಾ ವಾರ್ಷಿಕೋತ್ಸವದ ಈ ಒಂದು ಸಂಜೆಗಾಗಿ ಎರಡು ತಿಂಗಳು ಹಾಳಾಗುತ್ತದೆ. ತರಗತಿಗೆ ಒಂದೇ ಕುಣಿತ, ಮೂರು ನಿಮಿಷದ್ದು. ತಾಲೀಮು ದಿನಕ್ಕೆ ಇಪ್ಪತ್ತು ನಿಮಿಷ, ಮೂರೇ ವಾರ. ವೇಷಕ್ಕೆ ಮನೆಯಲ್ಲಿರುವ ಬಟ್ಟೆಯೇ ಸಾಕು: ಧೋತರ, ಇಲಕಲ್ ಸೀರೆಯ ತುಂಡು, ರುಮಾಲು. ಬಾಡಿಗೆ ವೇಷ ತಂದರೆ ಅಳತೆ, ರೊಕ್ಕ ವಸೂಲಿ, ಹರಿದದ್ದಕ್ಕೆ ದಂಡ ಎಲ್ಲ ಅಕ್ಕೋರ ಕೊರಳಿಗೇ ಬೀಳುತ್ತದೆ. ಯಾವುದೇ ಕಾರಣಕ್ಕೂ ಅಕ್ಕೋರು ಪಾಲಕರಿಂದ ನಗದು ಮುಟ್ಟಬಾರದು. ನೂರು ರೂಪಾಯಿ ಲೆಕ್ಕ ತಪ್ಪಿದ್ದಕ್ಕೆ ವರ್ಷದ ವಿಶ್ವಾಸ ಮುರಿದುಬೀಳುತ್ತದೆ. ಗ್ಯಾದರಿಂಗ್ ಮರುದಿನ ರಜೆ, ಅದೂ ಸಂಬಳ ಸಹಿತ.

ಏಕವಚನ, ಲೋಟ, ಹೊಗಳಿಕೆ

ಒಂದು ಶಾಲೆಯ ವಾತಾವರಣ ತಿಳಿಯಬೇಕೆಂದರೆ ಆಯಾ ಅವರನ್ನು ಹೇಗೆ ಕರೆಯುತ್ತಾರೆ, ಅವರು ಎಲ್ಲಿ ಕೂತು ಚಹಾ ಕುಡಿಯುತ್ತಾರೆ ಎಂದು ನೋಡಿದರೆ ಸಾಕು. "ಏ, ಇಲ್ಲಿ ಬಾ" ಎಂದು ಐವತ್ತು ವರ್ಷದ ಹೆಂಗಸನ್ನು ಇಪ್ಪತ್ತೈದರ ಶಿಕ್ಷಕಿ ಕರೆದದ್ದನ್ನು ಮೂರು ವರ್ಷದ ಮಗು ಮರುದಿನವೇ ಕಲಿತಿರುತ್ತದೆ. ಆಮೇಲೆ ಮಗು ಆಯಾ ಮಾತು ಕೇಳುವುದಿಲ್ಲ, ಆಯಾ ಕೋಣೆಯಲ್ಲಿ ನೆರವಾಗುವುದೂ ಕಷ್ಟವಾಗುತ್ತದೆ, ಭಾರವೆಲ್ಲ ಅಕ್ಕೋರಿಗೇ ತಿರುಗಿ ಬರುತ್ತದೆ. ನಿಯಮ ಸರಳ: ಎಲ್ಲರಿಗೂ ಬಹುವಚನ, ಹೆಸರಿನ ಜೊತೆ ಅಕ್ಕಾ ಅಥವಾ ರೀ. ಮಾಲೀಕರೇ ಮೊದಲು ಪಾಲಿಸಬೇಕು. ಒಂದೇ ತರದ ಲೋಟ, ಒಂದೇ ಮೇಜು. ಸ್ಟೀಲಿನ ಬೇರೆ ಲೋಟ ಒಂದು ಮೂಲೆಯಲ್ಲಿ ಕಂಡರೆ ಅದರ ಹಿಂದೆ ಏನಿದೆ ಎಂದು ಎಲ್ಲರಿಗೂ ಗೊತ್ತು, ತೆಗೆದುಹಾಕಿ. ವಾರದ ಸಭೆಗೂ ಆಯಾಗಳು ಬರಲಿ. ಯಾವ ಮಗು ಡಬ್ಬಿ ಊಟ ಹಾಗೇ ಒಯ್ಯುತ್ತದೆ, ಯಾರಿಗೆ ಹೊಟ್ಟೆ ಕೆಟ್ಟಿದೆ ಎಂದು ಮೊದಲು ತಿಳಿಯುವುದು ಅವರಿಗೇ.

ಸಭೆ ಶನಿವಾರ ಮಕ್ಕಳು ಹೋದ ಮೇಲೆ ಅರ್ಧ ತಾಸು, ಸಂಬಳದ ಹೊತ್ತಿನೊಳಗೇ. ಯಾರ ತಪ್ಪನ್ನೂ ಅಲ್ಲಿ ಎತ್ತಬಾರದು, ಅದು ಬಾಗಿಲು ಹಾಕಿಕೊಂಡು ಇಬ್ಬರೇ ಮಾತಾಡುವ ವಿಷಯ.

ಹೊಗಳುವುದೂ ಒಂದು ಕೌಶಲ. "ಬಾಳ ಚಲೋ ಮಾಡಾಕತ್ತೀರಿ" ಎಂದು ಎಲ್ಲರಿಗೂ ಹೇಳುವ ಮಾತು ಯಾರಿಗೂ ತಾಗುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳಿ: "ನಿನ್ನೆ ಆ ಹುಡುಗ ಅಳಾಕತ್ತಾಗ ಬಾಗಲ ಕಡೆ ಬಿಟ್ಟು ಕಿಟಕಿ ಕಡೆ ಕರಕೊಂಡು ಹೋದ್ರಿ ನೋಡ್ರಿ, ಅದಕ್ಕ ಸುಮ್ಮನಾದ." ಬದಲಿಗೆ ಕೂರುವ ಹತ್ತು ನಿಮಿಷದಲ್ಲಿ ಇಂಥದ್ದು ಕಣ್ಣಿಗೆ ಬೀಳುತ್ತದೆ. "ಈ ತಿಂಗಳ ಉತ್ತಮ ಶಿಕ್ಷಕಿ" ಎಂಬ ಬೋರ್ಡು ಮಾತ್ರ ಬೇಡ. ಆರು ಜನರ ಶಾಲೆಯಲ್ಲಿ ಅದು ತಿಂಗಳಿಗೆ ಒಬ್ಬರನ್ನು ಮೆಚ್ಚಿಸಿ ಐವರ ಮನಸ್ಸು ಕೆಡಿಸುತ್ತದೆ.

ತಿಂಗಳಿಗೊಮ್ಮೆ ಪ್ರತಿಯೊಬ್ಬರ ಜೊತೆ ಇಪ್ಪತ್ತು ನಿಮಿಷ ಕೂತು ಮೂರು ಪ್ರಶ್ನೆ ಕೇಳಿ. ಈ ತಿಂಗಳು ಯಾವುದು ಭಾರವಾಯಿತು? ಯಾವ ಮಗುವಿನ ಬಗ್ಗೆ ಚಿಂತೆ ಇದೆ? ನಾನು ಏನು ಮಾಡಬೇಕು, ಏನು ನಿಲ್ಲಿಸಬೇಕು? ಉತ್ತರವನ್ನು ಎರಡು ಕಾಲಮಿನಲ್ಲಿ ಬರೆಯಿರಿ: ಕೇಳಿದ್ದು, ಮಾಡಿದ ದಿನಾಂಕ. ಆಗದ್ದಕ್ಕೆ ವಾರದೊಳಗೆ "ಇದು ಆಗೂದಿಲ್ರಿ, ಕಾರಣ ಇದು" ಎಂದು ಹೇಳಿಬಿಡಿ. ಕೇಳಿ ಸುಮ್ಮನಾಗುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು.

ಗೇಟಿನಲ್ಲಿ ಸಿಟ್ಟಾದ ಪಾಲಕರು

ಮಗುವಿನ ಕೆನ್ನೆಯಲ್ಲಿ ಇನ್ನೊಂದು ಮಗು ಕಚ್ಚಿದ ಗುರುತು. ಅಪ್ಪ ಗೇಟಿನಲ್ಲಿ ಕೂಗಾಡುತ್ತಿದ್ದಾರೆ. ಮುಖ್ಯ ಶಿಕ್ಷಕಿ ಅಕ್ಕೋರನ್ನು ಅಲ್ಲಿಗೇ ಕರೆಸಿ ಎಲ್ಲರೆದುರು "ಏನ್ ಮಾಡಾಕತ್ತಿದ್ರಿ?" ಎಂದು ಕೇಳಿದರೆ ಪಾಲಕರ ಸಿಟ್ಟು ಆ ಕ್ಷಣಕ್ಕೆ ಇಳಿಯಬಹುದು, ಆದರೆ ಆ ಅಕ್ಕೋರು ಅಂದೇ ಬೇರೆ ಕೆಲಸ ಹುಡುಕತೊಡಗುತ್ತಾರೆ. ಕ್ರಮ ಹೀಗಿರಲಿ:

ಪಾಲಕರನ್ನು ಒಳಗೆ ಕರೆದು ಕೂರಿಸಿ, ನೀರು ಕೊಡಿ, ಪೂರ್ತಿ ಮಾತಾಡಲು ಬಿಟ್ಟು ಅವರ ಮುಂದೆಯೇ ಬರೆದುಕೊಳ್ಳಿ. "ನಾಳೆ 11.30ಕ್ಕೆ ಬರ್ರಿ, ಅಷ್ಟೊತ್ತಿಗೆ ವಿಚಾರಿಸಿರ್ತೀನಿ" ಎಂದು ಹೊತ್ತು ಕೊಡಿ. ಮಕ್ಕಳು ಹೋದ ಮೇಲೆ ಅಕ್ಕೋರನ್ನೂ ಆಯಾ ಅವರನ್ನೂ ಬೇರೆಬೇರೆಯಾಗಿ ಕೇಳಿ. ಮರುದಿನದ ಭೇಟಿಯಲ್ಲಿ ಅಕ್ಕೋರು ಇರಲಿ, ಆದರೆ ಮೊದಲು ಮಾತಾಡುವುದು ನೀವು. ಕಚ್ಚಿದ ಮಗುವಿನ ಹೆಸರನ್ನು ಹೇಳಬೇಡಿ. ಇನ್ನೂ ಒಳ್ಳೆಯದೆಂದರೆ ಪಾಲಕರು ಗುರುತು ಕಾಣುವ ಮೊದಲೇ ಫೋನು ಹೋಗಿರುವುದು. ಬಿದ್ದದ್ದು, ಕಚ್ಚಿದ್ದು, ಗಾಯವಾದದ್ದಕ್ಕೆಲ್ಲ ಒಂದು ಪುಸ್ತಕ ಇಟ್ಟು, ಅರ್ಧ ಗಂಟೆಯೊಳಗೆ ಕರೆ ಮಾಡುವ ರೂಢಿ ಇದ್ದರೆ ಗೇಟಿನ ಜಗಳ ಮುಕ್ಕಾಲುಪಾಲು ಹುಟ್ಟುವುದೇ ಇಲ್ಲ.

ಅಕ್ಕೋರ ಸ್ವಂತ ಮೊಬೈಲ್ ನಂಬರನ್ನು ಪಾಲಕರಿಗೆ ಕೊಡಬೇಡಿ. ಶಾಲೆಯದೊಂದು ಫೋನು, ಅದರಲ್ಲಿ ಪಾಲಕರ ವಾಟ್ಸ್‌ಆ್ಯಪ್ ಗುಂಪು, ಸಂದೇಶ ಕಳಿಸುವ ಅಧಿಕಾರ ಶಾಲೆಗೆ ಮಾತ್ರ. ಸಂಜೆ ಐದರ ನಂತರ ಆ ಫೋನು ಕಪಾಟಿನಲ್ಲಿ. ಸಿಬ್ಬಂದಿಯ ಗುಂಪಿಗೆ ರಾತ್ರಿ ಹತ್ತಕ್ಕೆ "ನಾಳೆ ಹಳದಿ ಸೀರೆ" ಎಂದು ಕಳಿಸುವುದೂ ಕೆಲಸದ ಹೊತ್ತು ಮೀರಿದ ಕೆಲಸವೇ.

ರೊಕ್ಕ ಮತ್ತು ಕಾಯ್ದೆ

ಎಷ್ಟೋ ಸಣ್ಣ ಶಾಲೆಗಳು ಏಪ್ರಿಲ್-ಮೇ ಸಂಬಳ ಕೊಡದೆ ಹತ್ತು ತಿಂಗಳ ಲೆಕ್ಕ ಮಾಡುತ್ತವೆ. ಜೂನ್‌ನಲ್ಲಿ ಯಾರು ವಾಪಸ್ ಬರುತ್ತಾರೋ ಗೊತ್ತಿಲ್ಲದಿರುವುದಕ್ಕೆ ಇದೇ ಮೊದಲ ಕಾರಣ. ಫೀ ಲೆಕ್ಕ ಹಾಕುವಾಗಲೇ ಹನ್ನೆರಡು ತಿಂಗಳ ಸಂಬಳ ಹಿಡಿದು ಹಾಕಿ. ತಿಂಗಳಿಗೆ 12,000ದಂತೆ ಹತ್ತು ತಿಂಗಳಿಗೆ ಕೊಡುವ 1,20,000 ರೂಪಾಯಿಯನ್ನೇ 10,000ದಂತೆ ಹನ್ನೆರಡು ತಿಂಗಳಿಗೆ ಹಂಚುವುದು ಉಪಾಯವಲ್ಲ, ಕಣ್ಕಟ್ಟು. ಗೊತ್ತುಮಾಡಿದ ತಾರೀಖಿಗೆ ಬ್ಯಾಂಕಿಗೆ ಹಾಕಿ. ಫೀ ಬಾಕಿ ಇದೆ ಎಂದು ಸಂಬಳ ತಡೆಯುವುದು ಪಾಲಕರ ಸಾಲವನ್ನು ಆಯಾ ತಲೆಗೆ ಕಟ್ಟಿದಂತೆ.

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಐದು ವರ್ಷ ಪೂರೈಸಿದ ಶಿಕ್ಷಕಿಗೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಹಕ್ಕಿದೆ. ಖಾಸಗಿ ಶಾಲಾ ಶಿಕ್ಷಕರನ್ನು ಸೇರಿಸಿದ 2009ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಲೆಕ್ಕ: ಕೊನೆಯ ಸಂಬಳ × 15 ÷ 26 × ವರ್ಷ. 12,000 ಸಂಬಳದ ಮೇಲೆ ಎಂಟು ವರ್ಷಕ್ಕೆ ಸುಮಾರು 55,385 ರೂಪಾಯಿ. ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರೂ ಗ್ರಾಚ್ಯುಟಿಗೆ ಅರ್ಹರು ಎಂದು ಅದೇ ಕೋರ್ಟ್ 2022ರ ಏಪ್ರಿಲ್ 25ರಂದು ಹೇಳಿತು. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು.

ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರದು. ಹತ್ತು ಮಂದಿ ಇದ್ದಲ್ಲಿ ಆಂತರಿಕ ಸಮಿತಿ ಇರಲೇಬೇಕು. ನಮ್ಮ ಮಾದರಿ ಶಾಲೆಯಂತೆ ಆರೇ ಮಂದಿ ಇದ್ದರೆ ದೂರು ಹೋಗುವುದು ಜಿಲ್ಲೆಯ ಸ್ಥಳೀಯ ಸಮಿತಿಗೆ, ಘಟನೆಯಾದ ಮೂರು ತಿಂಗಳೊಳಗೆ. "ನಮ್ಮಲ್ಲಿ ಎಲ್ಲಾರೂ ಹೆಣಮಕ್ಕಳ ಅದಾರ" ಎನ್ನುವವರು ವ್ಯಾನ್ ಚಾಲಕ, ಟ್ರಸ್ಟಿ, ಫೋಟೋಗ್ರಾಫರನ್ನು ಮರೆತಿರುತ್ತಾರೆ. ಸಮಿತಿಯ ವಿಳಾಸವನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ ಗೋಡೆಗೆ ಹಚ್ಚಿ.

ಅಂಗನವಾಡಿಯಲ್ಲಿ

ಇಲ್ಲಿ ಇರುವುದು ಇಬ್ಬರೇ, ಕಾರ್ಯಕರ್ತೆ ಮತ್ತು ಸಹಾಯಕಿ. ಬೆಳಿಗ್ಗೆ 9.30ರಿಂದ ಸಂಜೆ 4ರ ತನಕ. ಬದಲಿಗೆ ಕೂರಲು ಮುಖ್ಯ ಶಿಕ್ಷಕಿ ಇಲ್ಲ, ಅಡುಗೆ, ತೂಕ, ಮನೆ ಭೇಟಿ, ಗರ್ಭಿಣಿಯರ ಊಟ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ (ಕೇಂದ್ರದ ದಾಖಲೆ ತುಂಬುವ ಸರ್ಕಾರಿ ಆ್ಯಪ್) ಎಲ್ಲವೂ ಇದೆ. ನರ್ಸರಿಯ ಸೂತ್ರ ಇಲ್ಲಿ ಹಾಗೇ ನಡೆಯದು.

ಬಿಡುವಿಗೆ ದಾರಿ ಬಾಲವಿಕಾಸ ಸಮಿತಿಯ ತಾಯಂದಿರು. ದಿನಕ್ಕೊಬ್ಬರು 11ರಿಂದ 12ರ ತನಕ ಬಂದು ಹಾಡು, ಕಥೆ ಹೇಳುವ ಪಾಳಿ ಮಾಡಿ. ಎರಡು ಷರತ್ತು: ಬಂದ ತಾಯಿಗೆ ಪಾತ್ರೆ, ಕಸಬರಿಗೆ ಕೊಡಬಾರದು, ಮಕ್ಕಳ ಜೊತೆ ಅವರೊಬ್ಬರನ್ನೇ ಬಿಟ್ಟು ಇಬ್ಬರೂ ಹೊರಗೆ ಹೋಗಬಾರದು. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲ ಬಂತೆಂದರೆ ತಾಯಂದಿರು ಕೂಲಿಗೆ ಹೋಗುತ್ತಾರೆ, ಪಾಳಿ ನಿಲ್ಲುತ್ತದೆ. ಆ ತಿಂಗಳುಗಳಿಗೆ ಅಜ್ಜಿಯರ ಹೆಸರು ಮೊದಲೇ ಬರೆದುಕೊಳ್ಳಿ.

ಮೊಬೈಲ್ ಕೆಲಸವನ್ನು ಹೊತ್ತಿಗೆ ಕಟ್ಟಿಹಾಕಿ. ಮಕ್ಕಳು ಮಲಗಿದ ಮೇಲಿನ 45 ನಿಮಿಷ ಅದಕ್ಕೆ. ಮನೆಗೆ ಒಯ್ಯುವ ಪಡಿತರ ಕೊಡುವ ದಿನ ಮುಖ ಗುರುತಿಸುವಿಕೆ ಮತ್ತು ಒಟಿಪಿ ಇರುವುದರಿಂದ ಆಧಾರ್‌ಗೆ ಜೋಡಿಸಿದ ಫೋನು ತರಬೇಕೆಂದು ಹಿಂದಿನ ದಿನವೇ ಹೇಳಿಕಳಿಸಿ. ಆ ಫೋನು ಗಂಡನ ಜೊತೆ ಹೊಲದಲ್ಲಿದ್ದರೆ ತಾಯಿ ಎರಡು ಸಲ ಅಲೆಯಬೇಕು, ಜಗಳ ಕಾರ್ಯಕರ್ತೆಯ ಜೊತೆ ಆಗುತ್ತದೆ. ಹತ್ತತ್ತು ಮಂದಿಗೆ ಒಂದೊಂದು ತಾಸು ಗೊತ್ತುಮಾಡಿ. ನೆಟ್‌ವರ್ಕ್ ಸಿಗದ ಊರಿನಲ್ಲಿ ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತು ಕಾದರು ಎಂದು ಮೇಲ್ವಿಚಾರಕಿ ಬರೆದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕಳಿಸಬೇಕು. ಕಾರ್ಯಕರ್ತೆಯ "ವಿಳಂಬ" ಎಂದು ದಾಖಲಾಗುವುದು ಹಾಗೆ ತಪ್ಪುತ್ತದೆ.

ಮೇಲ್ವಿಚಾರಕಿಯರಿಗೆ ಇನ್ನೊಂದು ಮಾತು. ವಲಯದ ಸಭೆಯಲ್ಲಿ ಹಿಂದುಳಿದ ಕೇಂದ್ರದ ಹೆಸರನ್ನು ಎಲ್ಲರೆದುರು ಓದುವ ರೂಢಿ ಬಿಡಿ. ಅದರಿಂದ ತೂಕದ ಅಂಕಿ ಸುಧಾರಿಸುವುದಿಲ್ಲ, ಸುಳ್ಳು ಅಂಕಿ ಬರತೊಡಗುತ್ತದೆ.

ಯಾರಾದರೂ ಕುಸಿದಾಗ

ಎರಡು ವಾರದಿಂದ ನಿದ್ದೆ ಇಲ್ಲ, ಸಣ್ಣದಕ್ಕೂ ಕಣ್ಣೀರು, ಹೊತ್ತಿಗೆ ಬರುತ್ತಿದ್ದವರು ತಡ, ಮಕ್ಕಳ ಮೇಲೆ ರೇಗಾಟ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಕರೆದು ಕೇಳಿ: "ಅಕ್ಕಾರ, ಒಂದ್ ಹದಿನೈದು ದಿನದಿಂದ ನೀವು ಮೊದಲಿನಂಗಿಲ್ಲ. ಮನಿಯಾಗ ಎಲ್ಲಾ ಸರಿ ಐತೇನ್ರಿ?" ಉಪದೇಶ ಬೇಡ, "ಎಲ್ಲಾರಿಗೂ ಇರೂದ" ಎನ್ನಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಸಂಸ್ಥೆ) ಇದೆ, ಗದಗ, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ ಹತ್ತಿರ. ಮನೆಯಲ್ಲಿ ಹೊಡೆತ ಇದ್ದರೆ ಮಹಿಳಾ ಸಹಾಯವಾಣಿ 181. ಆಸ್ಪತ್ರೆಗೆ ಹೋಗುವ ದಿನವನ್ನು ರಜೆಯಲ್ಲಿ ಕಡಿಯಬೇಡಿ, ಹೋದದ್ದು ಎಲ್ಲಿಗೆಂದು ಸಿಬ್ಬಂದಿ ಕೋಣೆಗೆ ತಿಳಿಯಬೇಕಿಲ್ಲ.

ದಣಿದ ಕೈ ಮಗುವಿನ ಮೇಲೆ ಎದ್ದರೆ? ಮೊದಲು ಮಗು. ಆ ಕ್ಷಣವೇ ಅಕ್ಕೋರನ್ನು ಕೋಣೆಯಿಂದ ಹೊರಗೆ ಕರೆದು ಬೇರೆಯವರನ್ನು ಕೂರಿಸಿ, ಮಗುವನ್ನು ನೋಡಿ, ಅಂದೇ ಪಾಲಕರಿಗೆ ನೀವೇ ತಿಳಿಸಿ, ಪುಸ್ತಕದಲ್ಲಿ ಬರೆಯಿರಿ. ದಣಿವು ಕಾರಣವಿರಬಹುದು, ಸಮರ್ಥನೆಯಲ್ಲ. ಮುಚ್ಚಿಟ್ಟು "ಕಾಪಾಡುವುದು" ಸಿಬ್ಬಂದಿ ಪರ ನಿಲುವಲ್ಲ. ಕ್ರಮ ಏನೇ ಇರಲಿ, ಅದರ ಜೊತೆಗೇ ಆ ದಿನ ಆ ಕೋಣೆಯಲ್ಲಿ ಎಷ್ಟು ಮಕ್ಕಳಿದ್ದರು, 10.30ರ ಬದಲಿ ಸಿಕ್ಕಿತ್ತೋ ಇಲ್ಲವೋ ಎಂದೂ ನೋಡಿ. ಸಿಕ್ಕಿರದಿದ್ದರೆ ಅದನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು.

ದೀಪಾವಳಿ ನಂತರ ಮತ್ತೆ ಆರು ದಿನ

ಅದೇ ನೋಟ್‌ಬುಕ್ಕನ್ನು ದೀಪಾವಳಿ ರಜೆ ಮುಗಿದ ಮೊದಲ ವಾರ ಮತ್ತೆ ತೆರೆಯಿರಿ, ಅವೇ ಐದು ಕಾಲಂ. ಎರಡನೇ ಕಾಲಮಿನ ನಿಮಿಷ ಏರಿ ನಾಲ್ಕನೆಯದರ ಫೋನು ಇಳಿದಿದ್ದರೆ ಕೆಲಸ ಹಿಡಿದಿದೆ. ನಿಮಿಷ ಅಷ್ಟೇ ಇದ್ದು ರೊಕ್ಕದ ಕಾಲಂ ಮಾತ್ರ ಇಳಿದಿದ್ದರೆ ಸಾಮಾನು ಕೊಟ್ಟಿದ್ದೀರಿ, ಹೊತ್ತು ಕೊಟ್ಟಿಲ್ಲ. ಬದಲಿ ಪಟ್ಟಿಗೆ ವಾಪಸ್ ಹೋಗಿ ಯಾವ ದಿನ, ಯಾರಿಂದ ತಪ್ಪುತ್ತಿದೆ ಎಂದು ನೋಡಿ. ಆಯಾಗಳ ಸಾಲು ಖಾಲಿ ಇದ್ದರೆ ಬರೆಯಲು ಬರುತ್ತದೋ ಇಲ್ಲವೋ ಎಂದು ಎಲ್ಲರೆದುರು ಕೇಳಬೇಡಿ. ನಿಮಿಷಕ್ಕೆ ಒಂದು ಗೀಟು ಎಂದು ಹೇಳಿ ಪೆನ್ಸಿಲು ಕೊಟ್ಟರೆ ಸಾಕು.